ಹುಳುವಿನ ಪಾಲು

ಗಿಡ ನೆಡುವುದು ಪುಣ್ಯದ ಕೆಲಸ ಎಂಬ ಮಾತಿಗೆ ನಮ್ಮಲ್ಲಿ ಎದುರಾಡುವವರಿಲ್ಲ. ಮಠದ ಸ್ವಾಮಿಗಳು ಹೇಳುತ್ತಾರೆ, ಮಂತ್ರಿಗಳು ಹೇಳುತ್ತಾರೆ, ಶಾಲೆಯ ಗೋಡೆಯ ಮೇಲೂ ಬರೆದಿರುತ್ತದೆ. 1950ರಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದ ಮೇಲಂತೂ ಮಳೆಗಾಲ ಬಂತೆಂದರೆ ನೆಟ್ಟ ಸಸಿಗಳ ಲೆಕ್ಕ ಪತ್ರಿಕೆಗಳಲ್ಲಿ ತುಂಬಿಕೊಳ್ಳುತ್ತದೆ. ಎಲ್ಲರೂ ಒಪ್ಪಿಬಿಟ್ಟ ಮಾತನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಪುಣ್ಯವೆಂದರೆ ಅಲ್ಲಿ ಕೊಟ್ಟವರೂ ಇರಬೇಕು, ಪಡೆದವರೂ ಇರಬೇಕು. ಅನ್ನದಾನದಲ್ಲಿ ಉಂಡವರಿದ್ದಾರೆ, ಅರವಟಿಗೆಯಲ್ಲಿ ನೀರು ಕುಡಿದವರಿದ್ದಾರೆ. ಗಿಡ ನೆಟ್ಟಾಗ ಪಡೆದವರು ಯಾರು? ನೆರಳು, ಹಣ್ಣು, ಮಳೆ, ಶುದ್ಧ ಗಾಳಿ ಎಂದು ಉತ್ತರಿಸುತ್ತೇವೆ. ಅಂದರೆ ಪಡೆದವರು ನಾವೇ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಉತ್ತರ ಇದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದ್ದು ದನಕರುಗಳಿಗೂ ಮನುಷ್ಯರಿಗೂ ನೆರಳಾಗಲೆಂದು, ಎಂದು ಅವನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಬರೆಸಿದ. ಆ ಪಟ್ಟಿಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆಂಬುದು ಈ ಬರಹದ ವಾದ. ಮರ ನೆಡುವುದನ್ನು ನಾವು ಧರ್ಮವೆಂದು ಕರೆಯುವುದಾದರೆ, ಆ ಮರದ ಎಲೆ, ಹೂವು, ಕಾಯಿಗಳನ್ನು ತಿಂದು ಬದುಕುವ ಹುಳುಹುಪ್ಪಟೆಗಳೇ ಆ ದಾನಕ್ಕೆ ಮೊದಲ ಪಾತ್ರರು. ಅವುಗಳಿಗೆ ಏನೂ ಸಿಗದ ಮರವನ್ನು ನೆಡುವುದರಲ್ಲಿ ಅನುಕೂಲವಿರಬಹುದು, ಅಂದವಿರಬಹುದು. ಅದಕ್ಕೆ ದಾನದ ಹೆಸರು ಸಲ್ಲುವುದಿಲ್ಲ.

ಹುಳುವಿಗೆ ದಾನ ಕೊಡುವುದೆಂಬ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಗೃಹಸ್ಥನು ದಿನವೂ ಮಾಡಬೇಕಾದ ಐದು ಮಹಾಯಜ್ಞಗಳನ್ನು ಶತಪಥ ಬ್ರಾಹ್ಮಣ ಹೇಳುತ್ತದೆ. ದೇವತೆಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ, ವೇದಾಧ್ಯಯನಕ್ಕೆ ಸಲ್ಲುವ ನಾಲ್ಕರ ಜೊತೆಗೆ ಐದನೆಯದಾಗಿ ಭೂತಯಜ್ಞವಿದೆ, ಅದು ಸಕಲ ಜೀವಿಗಳಿಗೆ ಸಲ್ಲಬೇಕಾದ ಪಾಲು. ಉಣ್ಣುವ ಮೊದಲು ನೆಲದ ಮೇಲೆ ಅನ್ನವಿಡಬೇಕಾದವರ ಪಟ್ಟಿಯಲ್ಲಿ ಮನುಸ್ಮೃತಿ ಕಾಗೆಯನ್ನೂ ಕ್ರಿಮಿಗಳನ್ನೂ ಹೆಸರಿಸುತ್ತದೆ. ಅದೇ ಪಟ್ಟಿಯಲ್ಲಿ ಸಮಾಜ ಹೊರಗಿಟ್ಟ ಮನುಷ್ಯರನ್ನು ನಾಯಿಗಳ ಜೊತೆ ಸೇರಿಸಿರುವುದೂ ನಿಜ; ಆ ಅವಮಾನವನ್ನು ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ಹೊಗಳುವುದು ಪ್ರಾಮಾಣಿಕತೆಯಲ್ಲ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವವನ್ನೇ ಅಲ್ಲಗಳೆದ ಇನ್ನೊಂದು ದಾರಿಯನ್ನು ಹನ್ನೆರಡನೆಯ ಶತಮಾನದ ಶರಣರು ತೋರಿಸಿದರು. ದಾಸೋಹದಲ್ಲಿ ಕೊಡುವವನು ದಾಸ. ಕೊಡುವ ವಸ್ತುವೂ ಅವನದಲ್ಲ. ಶರಣರು ದಾಸೋಹವೆಂದಾಗ ಅವರ ಕಣ್ಣೆದುರು ಕಂಬಳಿಹುಳುವಿತ್ತೆಂದು ನಾನು ಹೇಳಹೊರಟಿಲ್ಲ. ಆದರೆ ಆ ಭಾವಕ್ಕೆ ಸರಿಯಾಗಿ ಹೊಂದುವ ಕೆಲಸವೊಂದನ್ನು ಇವತ್ತು ಹುಡುಕುವುದಾದರೆ, ನಮ್ಮನ್ನು ಎಂದೂ ಗುರುತಿಸದ, ನಮಗೆ ಎಂದೂ ಕೈಮುಗಿಯದ ಜೀವಿಗಳಿಗಾಗಿ ಒಂದು ಮರವನ್ನು ಬೆಳೆಸುವುದಕ್ಕಿಂತ ಹತ್ತಿರದ್ದು ಸಿಗುವುದು ಕಷ್ಟ. ಮನೆಯ ಮುಂದೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕಿ, ಇರುವೆಗಳು ತಿನ್ನಲಿ ಎಂದು ಹೇಳುತ್ತಿದ್ದ ಹಿರಿಯರ ಮಾತಿನಲ್ಲೂ ಇದೇ ಭಾವವಿತ್ತು. ಈಗ ಆ ಜಾಗಕ್ಕೆ ಕಲ್ಲಿನ ಪುಡಿ ಬಂದಿದೆ. ಆಕಾರ ಉಳಿಯಿತು, ಊಟ ಹೋಯಿತು. ಮರಗಳ ವಿಷಯದಲ್ಲೂ ನಡೆದಿರುವುದು ಬಹುಮಟ್ಟಿಗೆ ಇಷ್ಟೇ.

ಈ ವಾದಕ್ಕೆ ಆಧಾರವಾಗಿ ನಾವು ಪೂಜಿಸುವ ಮರಗಳನ್ನೇ ತೆಗೆದುಕೊಳ್ಳೋಣ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಆಲದ ಹಣ್ಣೊಂದನ್ನು ತರಲು ಹೇಳಿ, ಒಡೆಯಿಸಿ, ಏನು ಕಾಣುತ್ತದೆಂದು ಕೇಳುವ ಪ್ರಸಂಗ ಎಲ್ಲರಿಗೂ ಗೊತ್ತು. ಮಗನಿಗೆ ಸಣ್ಣ ಬೀಜಗಳು ಕಾಣುತ್ತವೆ. ಬೀಜವನ್ನು ಒಡೆದರೆ ಏನೂ ಕಾಣುವುದಿಲ್ಲ. ಕಾಣದ ಆ ಸೂಕ್ಷ್ಮದಿಂದಲೇ ಈ ಮಹಾವೃಕ್ಷ ನಿಂತಿದೆ ಎಂದು ತಂದೆ ತಿಳಿಸುತ್ತಾನೆ. ಆ ಬೀಜ ಹುಟ್ಟಿದ್ದಾದರೂ ಹೇಗೆ ಎಂಬುದಕ್ಕೆ ಉತ್ತರ ಅದೇ ಹಣ್ಣಿನೊಳಗಿದೆ. ನಾವು ಆಲದ ಹಣ್ಣು, ಅತ್ತಿ ಹಣ್ಣು ಎನ್ನುವುದು ನಿಜವಾಗಿ ಒಳಮುಖವಾಗಿ ಮಡಿಚಿಕೊಂಡ ಒಂದು ಹೂಗೊಂಚಲು. ಅದರ ಒಳಗೋಡೆಯ ತುಂಬ ನೂರಾರು ಪುಟ್ಟ ಹೂಗಳು. ತುದಿಯಲ್ಲಿ ಒಂದು ಕಿರಿದಾದ ಬಾಯಿ. ಎಳ್ಳಿಗಿಂತ ಚಿಕ್ಕದಾದ ಒಂದು ಹೆಣ್ಣು ಕಣಜ ಆ ಬಾಯಿಯ ಮೂಲಕ ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ಅದರ ರೆಕ್ಕೆಗಳು ಮುರಿದುಹೋಗುತ್ತವೆ. ತಾನು ಹುಟ್ಟಿದ ಮರದಿಂದ ತಂದ ಪರಾಗವನ್ನು ಒಳಗಿನ ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂಗಳಲ್ಲಿ ಮರಿಗಳು ಬೆಳೆಯುತ್ತವೆ, ಉಳಿದ ಹೂಗಳಲ್ಲಿ ಬೀಜ ಕಟ್ಟುತ್ತದೆ. ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳೊಡನೆ ಕೂಡಿ, ಹಣ್ಣಿನ ಗೋಡೆಯನ್ನು ಕೊರೆದು ದಾರಿ ಮಾಡುತ್ತವೆ. ಹೆಣ್ಣುಗಳು ಪರಾಗವನ್ನು ಹೊತ್ತು ಆ ದಾರಿಯಿಂದ ಹಾರಿಹೋಗುತ್ತವೆ. ಈ ಒಡಂಬಡಿಕೆಗೆ ಏಳು ಕೋಟಿ ವರ್ಷಗಳಿಗೂ ಮಿಕ್ಕಿದ ವಯಸ್ಸಿದೆ. ಅತ್ತಿಗೆ ಒಂದು ಕಣಜ, ಅರಳಿಗೆ ಇನ್ನೊಂದು, ಆಲಕ್ಕೆ ಮತ್ತೊಂದು. ಇಲ್ಲಿ ಗಮನಿಸಬೇಕಾದ್ದು ಮರದ ನಡತೆ. ಅದು ತನ್ನ ಹೂಗಳಲ್ಲಿ ಒಂದು ಪಾಲನ್ನು ಹುಳುವಿನ ಮಕ್ಕಳಿಗೆ ಬಿಟ್ಟುಕೊಡುತ್ತದೆ. ಬಿಟ್ಟುಕೊಡದಿದ್ದರೆ ಬೀಜವಿಲ್ಲ, ಶ್ವೇತಕೇತು ಒಡೆದು ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ.

ಇದರ ಫಲ ಹಣ್ಣಿನಾಚೆಗೂ ಹಬ್ಬುತ್ತದೆ. ಹೊರಬಂದ ಹೆಣ್ಣು ಕಣಜದ ಆಯುಸ್ಸು ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ ಇನ್ನೊಂದು ಮರ, ಸರಿಯಾದ ಹದಕ್ಕೆ ಬಂದ ಕಾಯಿಗಳೊಡನೆ ಎಲ್ಲಾದರೂ ಸಿಗಬೇಕು; ಗಾಳಿಯಲ್ಲಿ ಹತ್ತಾರು ಕಿಲೋಮೀಟರ್ ತೇಲಿಯಾದರೂ ಅದನ್ನು ಮುಟ್ಟಬೇಕು. ಹಾಗಾಗಿ ಒಂದು ಸೀಮೆಯ ಅತ್ತಿ, ಆಲ, ಅರಳಿ ಮರಗಳೆಲ್ಲ ಮಾವಿನಂತೆ ಒಂದೇ ಕಾಲಕ್ಕೆ ಫಲ ಬಿಡುವುದಿಲ್ಲ. ಒಂದು ಮರ ಮುಗಿಸುವಾಗ ಇನ್ನೊಂದು ಶುರುಮಾಡುತ್ತದೆ, ವರ್ಷವಿಡೀ ಎಲ್ಲೋ ಒಂದು ಕಡೆ ಹಣ್ಣಿರುತ್ತದೆ. ಬೇರೆ ಮರಗಳೆಲ್ಲ ಬರಿದಾದ ತಿಂಗಳುಗಳಲ್ಲಿ ಕುಟ್ರು, ಮಂಗಟ್ಟೆ, ಬಾವಲಿ, ಮಂಗಗಳು ಬದುಕಿಕೊಳ್ಳುವುದು ಈ ಹಣ್ಣುಗಳಿಂದ. ಒಂದೆರಡು ದಿನದ ಬಾಳಿನ ಹುಳುವಿಗಾಗಿ ಮರ ಮಾಡಿಕೊಂಡ ಏರ್ಪಾಟು ಕಾಡಿಗೆಲ್ಲ ಬರಗಾಲದ ಕಣಜವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತು ಅವರ ತಂಡ ಅತ್ತಿಮರವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದಂತೆ, ಆ ಕಾಯಿಯ ಸುತ್ತ ಪರಾಗ ತರುವ ಕಣಜವಷ್ಟೇ ಇರುವುದಿಲ್ಲ. ಪರಾಗ ತಾರದೆ ಹೊರಗಿನಿಂದಲೇ ಕಾಯನ್ನು ಕೊರೆದು ಮೊಟ್ಟೆಯಿಡುವ ಕಣಜಗಳಿವೆ. ಅವುಗಳಲ್ಲೊಂದರ ಮೊಟ್ಟೆಯಿಡುವ ಸೂಜಿಯ ತುದಿ ಗಟ್ಟಿಯಾಗಿರಲು ಅದರಲ್ಲಿ ಸತುವು ಸೇರಿಕೊಂಡಿದೆ. ಕಣಜದ ಮೈಯೇರಿ ಪಯಣ ಮಾಡುವ ಸೂಕ್ಷ್ಮ ದುಂಡುಹುಳುಗಳಿವೆ, ಕಣಜಗಳನ್ನು ಹಿಡಿದು ತಿನ್ನುವ ಇರುವೆಗಳಿವೆ. ದತ್ತಾತ್ರೇಯನ ಸನ್ನಿಧಿಯೆಂದು ಗಾಣಗಾಪುರದಲ್ಲಿ ಜನ ಪ್ರದಕ್ಷಿಣೆ ಹಾಕುವ ಔದುಂಬರ ವೃಕ್ಷ ಇದೇ ಅತ್ತಿ.

ನಮ್ಮ ಪೂರ್ವಿಕರು ಇದನ್ನೆಲ್ಲ ಅರಿತೇ ಈ ಮರಗಳನ್ನು ಪೂಜ್ಯವಾಗಿಸಿದರು ಎಂದು ಹೇಳಿಬಿಡುವುದು ಈಗ ಸುಲಭದ ಮಾತಾಗಿದೆ. ಹಾಗೆ ಹೇಳಲು ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಅತ್ತಿ ಹಣ್ಣಿನೊಳಗೆ ಹುಳುವಿದೆ ಎಂಬಷ್ಟು ಎಲ್ಲರಿಗೂ ಗೊತ್ತಿತ್ತು. ಹೊರಗೆ ಚೆಂದ ಒಳಗೆ ಹುಳುಕು ಎನ್ನಲು ಜನ ಆ ಹಣ್ಣನ್ನೇ ಉದಾಹರಿಸುತ್ತಿದ್ದರು. ಆ ಹುಳುವನ್ನು ಗಂಭೀರವಾಗಿ ಪರಿಗಣಿಸಿದವರು ಜೈನರು. ದಿಗಂಬರ ಸಂಪ್ರದಾಯದಲ್ಲಿ ಶ್ರಾವಕನ ಎಂಟು ಮೂಲಗುಣಗಳೆಂದರೆ ಮದ್ಯ, ಮಾಂಸ, ಮಧುಗಳ ತ್ಯಾಗ ಮತ್ತು ಆಲ, ಅರಳಿ, ಅತ್ತಿ ಮೊದಲಾದ ಐದು ಉದುಂಬರ ಜಾತಿಯ ಹಣ್ಣುಗಳ ತ್ಯಾಗ. ಕಾರಣ ಸ್ಪಷ್ಟ: ಆ ಹಣ್ಣುಗಳಲ್ಲಿ ಜೀವಿಗಳಿವೆ. ಹುಳುವಿಗೆ ಎರಡು ಇಂದ್ರಿಯ, ಇರುವೆಗೆ ಮೂರು, ದುಂಬಿಗೆ ನಾಲ್ಕು ಎಂದು ತತ್ತ್ವಾರ್ಥಸೂತ್ರ ಎಣಿಸಿದ್ದೂ ಈ ಎಚ್ಚರದಿಂದಲೇ. ಅಶೋಕನ ಐದನೆಯ ಸ್ತಂಭಶಾಸನದಲ್ಲೂ ಇದರ ಸೋದರನಂಥ ಒಂದು ಆಜ್ಞೆಯಿದೆ. ಜೀವಿಗಳಿರುವ ಹೊಟ್ಟಿಗೆ ಬೆಂಕಿ ಹಚ್ಚಬಾರದು ಎಂದು ಅದು ಹೇಳುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ಹೊಟ್ಟಿನೊಳಗಿನ ಹುಳುವನ್ನು ನೆನೆದು ಆಜ್ಞೆ ಹೊರಡಿಸಿದ ಎಂಬುದನ್ನು ನಾವು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಆದರೂ ಇವೆಲ್ಲ ಬಿಡುವ ಧರ್ಮಗಳು: ಕೊಲ್ಲದಿರು, ಸುಡದಿರು, ತಿನ್ನದಿರು. ಮನುಷ್ಯರ ಸಂಖ್ಯೆ ಕಡಿಮೆಯಿದ್ದು, ಊರಿನಾಚೆ ಕಾಡೇ ಕಾಡು ಇದ್ದ ಕಾಲಕ್ಕೆ ಬಿಡುವುದಷ್ಟೇ ಸಾಕಿತ್ತು. ನಾವು ಹೊಸಕದೆ ಬಿಟ್ಟ ಹುಳುವಿಗೆ ಉಣ್ಣಲು, ಇರಲು ಜಾಗ ತಾನಾಗಿ ಇತ್ತು. ಇವತ್ತು ಹಾಗಿಲ್ಲ. ಜರ್ಮನಿಯ 63 ಸಂರಕ್ಷಿತ ತಾಣಗಳಲ್ಲಿ ಬಲೆ ಕಟ್ಟಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು; 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ನೂರಕ್ಕೆ 75ಕ್ಕೂ ಹೆಚ್ಚು ಇಳಿದಿತ್ತು. ಅಲ್ಲಿ ಯಾರೂ ಕೈಯಾರೆ ಕೀಟಗಳನ್ನು ಕೊಂದಿರಲಿಲ್ಲ, ಅವು ಕಾಯ್ದಿಟ್ಟ ತಾಣಗಳೇ ಆಗಿದ್ದವು. ಬಡಾವಣೆಯೊಂದು ಎದ್ದಾಗ, ಹೊಲದ ಬದುವನ್ನು ಸವರಿ ಸಪಾಟು ಮಾಡಿದಾಗ, ಯಾರೂ ಒಂದು ಇರುವೆಯನ್ನೂ ಬೇಕೆಂದು ಕೊಲ್ಲದಿದ್ದರೂ ಸಾವಿರಾರು ಜೀವಗಳ ಅನ್ನ ಹೋಗಿರುತ್ತದೆ. ಇಂಥ ಕಾಲದಲ್ಲಿ ಅಹಿಂಸೆ ಎಂದರೆ ಕೊಲ್ಲದಿರುವುದಷ್ಟೇ ಎಂದರೆ ಅದು ಅರ್ಧ ಧರ್ಮ. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದಕ್ಕಾಗಿ ಇವೆ ಎಂಬರ್ಥದ ಮಾತೂ ಅದೇ ತತ್ತ್ವಾರ್ಥಸೂತ್ರದಲ್ಲಿದೆ. ಬಿಡುವ ಧರ್ಮಕ್ಕೆ ಇಂದು ಕೊಡುವ ಧರ್ಮ ಜೊತೆಯಾಗಬೇಕು, ಕೊಡುವುದಕ್ಕೆ ಮರಕ್ಕಿಂತ ದೊಡ್ಡ ತಟ್ಟೆ ನಮ್ಮಲ್ಲಿಲ್ಲ.

ಇಲ್ಲಿ ನನ್ನ ಪಕ್ಷದವರೇ ಆದ ಕೆಲವರು ಒಂದು ಸುಲಭದ ದಾರಿ ತೋರಿಸುತ್ತಾರೆ. ಕೀಟಗಳಿಂದ ನಮಗೆ ಲಾಭವಿದೆ, ಆದ್ದರಿಂದ ಅವನ್ನು ಉಳಿಸೋಣ ಎನ್ನುತ್ತಾರೆ. ಲಾಭವಿರುವುದು ನಿಜ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ನಾಲ್ಕರಲ್ಲಿ ಮೂರು ಬೆಳೆಗಳು ಒಂದಲ್ಲ ಒಂದು ಮಟ್ಟಿಗೆ ಪರಾಗಸ್ಪರ್ಶಕ್ಕೆ ಪ್ರಾಣಿಗಳನ್ನು ನೆಚ್ಚಿವೆ. ಕೊಡಗಿನ ರೊಬಸ್ಟಾ ಕಾಫಿಯನ್ನೇ ನೋಡಿ. ಅರೇಬಿಕಾದಂತೆ ಅದು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು, ಅದನ್ನು ತರುವವರಲ್ಲಿ ಹೆಜ್ಜೇನು ಮುಖ್ಯ. ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗಾಗುವುದು ಕೆಲವೇ ದಿನ. ವರ್ಷದ ಉಳಿದ ದಿನಗಳಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿಗಳು ಬದುಕಬೇಕಾದ್ದು ನೇರಳೆ, ಮತ್ತಿ, ಹೊಂಗೆ, ಅಂಟುವಾಳಗಳಂಥ ಮರಗಳ ಹೂವಿನಿಂದ. ಆ ನೆರಳಿನ ಮರಗಳನ್ನು ಕಡಿದು ತೋಟದ ತುಂಬ ಆಸ್ಟ್ರೇಲಿಯಾದ ಸಿಲ್ವರ್ ಓಕ್ ನೆಟ್ಟವರು ಮೆಣಸಿನ ಬಳ್ಳಿಗೆ ಆಸರೆಯನ್ನೂ ಮಾರಲು ಮರವನ್ನೂ ಪಡೆದರು, ಜೇನಿನ ವರ್ಷದೂಟವನ್ನು ಕಳೆದರು. ಲಾಭದ ಲೆಕ್ಕ ಇಷ್ಟರ ಮಟ್ಟಿಗೆ ಸರಿ, ಒಬ್ಬ ಬೆಳೆಗಾರನ ಮನಸ್ಸು ತಿರುಗಿಸಲು ಅದು ಸಾಕಾಗಲೂಬಹುದು. ಆದರೆ ಧರ್ಮದ ಪ್ರಶ್ನೆಗೆ ಅದು ಉತ್ತರವಲ್ಲ. ಹಿಂತಿರುಗಿ ಬರುತ್ತದೆಂದು ಕೊಟ್ಟದ್ದನ್ನು ಗೀತೆಯ ಹದಿನೇಳನೆಯ ಅಧ್ಯಾಯ ಸಾತ್ತ್ವಿಕ ದಾನದಿಂದ ಹೊರಗಿಡುತ್ತದೆ. ಲಾಭವನ್ನೇ ಅಳತೆಗೋಲು ಮಾಡಿಕೊಂಡರೆ ಜೇನಿಗೆ ಪಾಲು ಸಿಕ್ಕೀತು, ನಮ್ಮ ಯಾವ ಬೆಳೆಯನ್ನೂ ಮುಟ್ಟದ, ಕಾಡಂಚಿನ ಮರದ ಎಲೆಯನ್ನಷ್ಟೇ ತಿಂದು ಸಾಯುವ ಸಾವಿರಾರು ಹುಳುಗಳಿಗೆ ಸಿಗಲಾರದು. ಕೀಟಗಳಲ್ಲಿ ಅಂಥವೇ ಹೆಚ್ಚು.

ಎಲೆಯ ಮಾತು ಬಂದಲ್ಲಿಯೇ ನಮ್ಮ ಪ್ರೀತಿಯ ಪರೀಕ್ಷೆಯಾಗುವುದು. ಹೂವಿಗೆ ಬಂದ ಚಿಟ್ಟೆಯನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಹೂವಿನ ಮಕರಂದ ಹಿರಿಯರ ಊಟ, ಎಳೆಯದಕ್ಕೆ ಬೇಕಾದ್ದು ಎಲೆ, ಅದೂ ತನಗೆ ಗೊತ್ತುಪಡಿಸಿದ ಗಿಡದ ಎಲೆಯೇ. ನಿಂಬೆ ಚಿಟ್ಟೆ ಯಾವ ಹೂವಿನಿಂದಲಾದರೂ ಮಕರಂದ ಹೀರೀತು, ಮೊಟ್ಟೆಯಿಡುವುದು ಮಾತ್ರ ನಿಂಬೆಯ ಕುಲದ ಗಿಡಗಳ ಮೇಲೆ. ಬಿಲ್ವವೂ ಬೇಲವೂ ಆ ಕುಲಕ್ಕೆ ಸೇರಿದವು. ಶಿವನ ಪೂಜೆಗೆ ದಳ ಕೊಡುವ ಬಿಲ್ವದ ಮರದ ಮೇಲೆ ಅದರ ಮರಿ, ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವ ವೇಷದಲ್ಲಿ, ಆಮೇಲೆ ಎಲೆಹಸಿರಾಗಿ, ಮೇಯುತ್ತಾ ಇರುತ್ತದೆ. ಪೂಜೆಗೆ ತೂತಿಲ್ಲದ ದಳವೇ ಆಗಬೇಕೆಂಬ ನಿಯಮವಿದೆ. ಹಾಗಾದರೆ ಹುಳು ಬಂದ ಬಿಲ್ವ ಪೂಜೆಗೆ ಒದಗದ ಮರವಾಯಿತೇ ಎಂದು ಒಬ್ಬ ಆಸ್ತಿಕ ಕೇಳಬಹುದು. ನಿಯಮ ಹೇಳುವುದು ಯಾವ ದಳವನ್ನು ಕೊಯ್ಯಬೇಕೆಂದು. ಮರದ ಪ್ರತಿಯೊಂದು ದಳವೂ ಕೊಯ್ಯುವವನದೇ ಎಂದು ಅದು ಎಲ್ಲಿಯೂ ಹೇಳಿಲ್ಲ. ಬೆಳೆದುನಿಂತ ಒಂದು ಬಿಲ್ವದಲ್ಲಿ ಸಾವಿರಾರು ದಳಗಳಿರುತ್ತವೆ, ತೂತಿಲ್ಲದವು ಪೂಜೆಗೆ ಯಾವಾಗಲೂ ಸಿಗುತ್ತವೆ. ಉಳಿದವನ್ನೂ ಕಾಪಾಡಿಕೊಳ್ಳಲೆಂದು ಮರಕ್ಕೆ ಔಷಧಿ ಹೊಡೆಸಿದವರು, ಪಶುಪತಿಯೆಂದು ಕರೆದ ದೇವರಿಗಾಗಿ ಅವನ ಪ್ರಜೆಗಳ ಅನ್ನಕ್ಕೇ ವಿಷ ಹಾಕಿದಂತಾಗುತ್ತದೆ. ನಮ್ಮ ರಾಜ್ಯದ ಚಿಟ್ಟೆಯೆಂದು ಗೌರವ ಪಡೆದ, ಕೆಂಪು ಹಳದಿಯ ಸೊಬಗಿನ ದಕ್ಷಿಣದ ಬರ್ಡ್‌ವಿಂಗ್ ಚಿಟ್ಟೆಯ ಮರಿಗೂ ಈಶ್ವರಿ ಬಳ್ಳಿಯ ಕುಲದ ಎಲೆಯೇ ಆಗಬೇಕು. ಬಳ್ಳಿ ಹಬ್ಬಲು ಮರ ಬೇಕು. ಬಳ್ಳಿಯನ್ನು ಕಳೆಯೆಂದು ಕಿತ್ತು, ಚಿಟ್ಟೆಯ ಚಿತ್ರವನ್ನು ಫಲಕದ ಮೇಲೆ ಬರೆಸಿದರೆ ಅದಕ್ಕೆ ಏನೂ ದಕ್ಕಲಿಲ್ಲ.

ಎಲೆಯ ಈ ಪ್ರಶ್ನೆಯೇ ಯಾವ ಮರ ಎಂಬ ಪ್ರಶ್ನೆಯನ್ನು ಎತ್ತುತ್ತದೆ. ಎಲೆ ತನ್ನನ್ನು ತಿನ್ನಬಾರದೆಂದು ರಸಾಯನಗಳನ್ನು ತುಂಬಿಕೊಂಡಿರುತ್ತದೆ, ಆ ರಸಾಯನವನ್ನು ಅರಗಿಸಿಕೊಳ್ಳಲು ಹುಳುಗಳು ಲಕ್ಷಾಂತರ ವರ್ಷ ಕಲಿತಿರುತ್ತವೆ. ಹೊಸ ನೆಲಕ್ಕೆ ಬಂದ ಮರದ ಎಲೆಯನ್ನು ತಿನ್ನಲು ಕಲಿತವರು ಅಲ್ಲಿ ಕಡಿಮೆ. 1961ರಲ್ಲಿ ಇಂಗ್ಲೆಂಡಿನ ಕೀಟತಜ್ಞ ಸೌತ್‌ವುಡ್, ಬ್ರಿಟನ್ನಿನ ಓಕ್ ಮರವನ್ನು ನೆಚ್ಚಿದ 284 ಬಗೆಯ ಕೀಟಗಳನ್ನು ಎಣಿಸಿದರು. ಹೊರಗಿನಿಂದ ಇತ್ತೀಚೆಗೆ ಬಂದ ಮರಗಳಲ್ಲಿ ಸಿಕ್ಕವು ಬೆರಳೆಣಿಕೆಯಷ್ಟು. ಮರವೊಂದು ಆ ನೆಲದಲ್ಲಿ ಎಷ್ಟು ಕಾಲದಿಂದ, ಎಷ್ಟು ಸಂಖ್ಯೆಯಲ್ಲಿ ಬೆಳೆದಿದೆ ಎಂಬುದೇ ಇದನ್ನು ನಿರ್ಧರಿಸುತ್ತದೆಂದು ಅವರು ವಾದಿಸಿದರು. ವಾಷಿಂಗ್ಟನ್ ನಗರದ ಸುತ್ತಲಿನ ಮನೆಗಳ ಅಂಗಳಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಗಿಡಮರಗಳಲ್ಲಿ ನೂರಕ್ಕೆ 70ಕ್ಕಿಂತ ಕಡಿಮೆ ಸ್ಥಳೀಯವಾಗಿದ್ದ ಕಡೆ ಚಿಕಡೀ ಎಂಬ ಪುಟ್ಟ ಹಕ್ಕಿ ತನ್ನ ಸಂಖ್ಯೆಯನ್ನು ಉಳಿಸಿಕೊಳ್ಳುವಷ್ಟು ಮರಿಗಳನ್ನು ಬೆಳೆಸಲಾಗಲಿಲ್ಲವೆಂದು ತೋರಿಸಿತು. ಮರಿಗಳಿಗೆ ಉಣಿಸಲು ಕಂಬಳಿಹುಳು ಸಾಲಲಿಲ್ಲ. ಅಂಗಳಗಳೇನೋ ಹಸಿರಾಗಿಯೇ ಇದ್ದವು. ಬೆಂಗಳೂರಿನಲ್ಲಿ ಕ್ರುಂಬೀಗಲ್ ಅವರು ಒಂದರ ಹಿಂದೊಂದು ಹೂಬಿಡುವಂತೆ ರೂಪಿಸಿದ ಸಾಲುಮರಗಳ ಚೆಲುವನ್ನು ನಾನು ಹಗುರವಾಗಿ ಕಾಣುವವನಲ್ಲ. ಗುಲ್‌ಮೊಹರ್, ಜಕರಾಂಡ, ಟಬೆಬುಯಾಗಳ ಹೂವಿಗೆ ಜೇನುಗಳೂ ಬರುತ್ತವೆ, ನೀಲಗಿರಿಯಿಂದಲೂ ಜೇನುತುಪ್ಪ ಸಿಗುತ್ತದೆ. ಬೆಳೆದುನಿಂತ ಮರಗಳನ್ನು ಕಡಿಯಿರಿ ಎಂದು ಯಾರೂ ಹೇಳಬೇಕಾಗಿಲ್ಲ. ಮುಂದೆ ನೆಡುವ ಗುಂಡಿಯಲ್ಲಿ ಏನಿಡುತ್ತೇವೆ ಎಂಬುದಷ್ಟೇ ಪ್ರಶ್ನೆ. ಇನ್ನೊಂದು ಆಕ್ಷೇಪವೂ ಇದೆ: ಸ್ಥಳೀಯ, ಪರಕೀಯ ಎಂದು ಮರಗಳಲ್ಲೂ ಜಾತಿ ಹುಡುಕುವುದೇ? ಇದು ಹುಟ್ಟಿನ ಮಾತಲ್ಲ, ನೆಂಟಸ್ತನದ ಮಾತು. ಹುಣಸೆ ಆಫ್ರಿಕಾದಿಂದ ಬಂದದ್ದು. ಅರಳಿ, ಬೇವು, ಆಲ, ಬೇಲ, ಬಿಲ್ವ, ನೆಲ್ಲಿ, ಮಾವುಗಳನ್ನು ನೆಟ್ಟವನು ನರಕವನ್ನು ಕಾಣನೆಂದು ಹೇಳುವ ಹಳೆಯ ಶ್ಲೋಕದ ಕೆಲವು ಪಾಠಗಳಲ್ಲಿ ಅದಕ್ಕೂ ಜಾಗ ಸಿಕ್ಕಿದೆ. ಬಹುಕಾಲ ಇದ್ದು, ಇಲ್ಲಿನ ಜೀವಗಳಿಗೆ ಒದಗಿ ಅದು ಇಲ್ಲಿಯದಾಯಿತು. ಅಕೇಶಿಯಾಕ್ಕೂ ನೀಲಗಿರಿಗೂ ಆ ಕಾಲ ಇನ್ನೂ ಸಂದಿಲ್ಲ, ಎಲೆ ಉದುರಿದಲ್ಲಿ ಬೇರೆ ಗಿಡ ಏಳದಂತೆ ಒತ್ತೊತ್ತಾಗಿ ನೆಟ್ಟ ಆ ತೋಪುಗಳಲ್ಲಿ ಅದು ಸಲ್ಲುವ ಲಕ್ಷಣವೂ ಇಲ್ಲ.

ಗಟ್ಟಿಯಾದ ಆಕ್ಷೇಪ ರೈತನದು. ಹುಳುವಿಗೆ ಪಾಲು ಎನ್ನುವುದು ಬೆಳೆ ಕಳೆದುಕೊಳ್ಳದವರ ಮಾತು ಎಂದು ಅವನು ಹೇಳಿದರೆ ತಲೆಬಾಗಿ ಕೇಳಬೇಕು. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ನಮ್ಮ ರಾಜ್ಯದ ಮೆಕ್ಕೆಜೋಳದ ಹೊಲಗಳಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಸುಳಿಯನ್ನೇ ತಿಂದುಹಾಕುವಾಗ ದಾನದ ಮಾತಾಡುವುದು ಕ್ರೌರ್ಯ. ತನ್ನ ಮಕ್ಕಳ ಅನ್ನವನ್ನು ಕಾಯ್ದುಕೊಳ್ಳುವ ಹಕ್ಕು ರೈತನಿಗಿದೆ, ಸೊಳ್ಳೆಯಿಂದ ಮಗುವನ್ನು ಕಾಯುವ ಹಕ್ಕು ತಾಯಿಗಿದೆ. ಭೂತಯಜ್ಞದಲ್ಲೂ ತಟ್ಟೆಯ ಅನ್ನವನ್ನೆಲ್ಲ ಹೊರಗಿಡಲು ಹೇಳಿಲ್ಲ, ಒಂದು ಹಿಡಿ ಇಡಲು ಹೇಳಿದೆ. ಆ ಹಿಡಿಗೆ ಬದು ಇದೆ, ಬೇಲಿಯಿದೆ, ಕೆರೆಯ ಏರಿಯ ಕೆಳಗಿನ ಜಾಗವಿದೆ, ದೇವಸ್ಥಾನದ ಹಿತ್ತಿಲಿದೆ. ಬದುವಿನ ಹೊಂಗೆಯ ಎಲೆ ತಿನ್ನುವ ಹುಳು ಹೊಲದ ಜೋಳ ತಿನ್ನುವ ಹುಳುವಲ್ಲ. ಹೆಚ್ಚಿನ ಹುಳುಗಳು ತಮ್ಮ ಗಿಡವನ್ನು ಬಿಟ್ಟು ಬೇರೆಯದನ್ನು ಮುಟ್ಟವು. ಬೆಳೆಗೆ ಬೀಳುವ ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಪರಾವಲಂಬಿ ಕಣಜಗಳಿಗೂ ಮಕರಂದ ಬೇಕು, ಆ ಮಕರಂದ ಬದುವಿನ ಹೂವಿನಲ್ಲಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಆಕ್ಷೇಪವನ್ನು ಒಬ್ಬ ಕಟ್ಟುನಿಟ್ಟಿನ ಅಹಿಂಸಾವಾದಿ ಎತ್ತಬಲ್ಲ. ಹುಳುವಿಗೆಂದು ಮರ ನೆಡುತ್ತೀರಿ. ಆ ಹುಳುವನ್ನು ಹಕ್ಕಿ ತಿನ್ನುತ್ತದೆ, ಕಣಜವನ್ನು ಇರುವೆ ತಿನ್ನುತ್ತದೆ, ಅತ್ತಿಯೊಳಗೆ ನುಗ್ಗಿದ ತಾಯಿ ರೆಕ್ಕೆ ಮುರಿದುಕೊಂಡು ಸಾಯುತ್ತದೆ. ನೀವು ನೆಟ್ಟದ್ದು ಜೀವವನ್ನೋ ಸಾವನ್ನೋ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಚಿಕಡೀ ಹಕ್ಕಿಯ ಒಂದು ಗೂಡಿನ ಮರಿಗಳು ಹಾರುವಷ್ಟಾಗಲು 6,000ದಿಂದ 9,000 ಕಂಬಳಿಹುಳುಗಳು ಬೇಕೆಂಬ ಅಂದಾಜಿದೆ; ಪ್ರತಿ ಮರವೂ ಒಂದು ದೊಡ್ಡ ಬೇಟೆಯ ಬಯಲು ಎಂಬುದು ಸತ್ಯ. ಆದರೆ ಈ ತರ್ಕವನ್ನು ಕೊನೆಯವರೆಗೆ ಒಯ್ದರೆ ಅತ್ಯಂತ ಅಹಿಂಸಕವಾದ ನೆಲ ಕಾಂಕ್ರೀಟಿನದಾಗುತ್ತದೆ, ಏಕೆಂದರೆ ಅಲ್ಲಿ ಹುಟ್ಟೇ ಇಲ್ಲದ್ದರಿಂದ ಸಾವೂ ಇಲ್ಲ. ಕರುಣೆ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಅಂಥ ನೆಲವನ್ನು ಬಯಸಲಾರದು. ಅನ್ನ ಇಟ್ಟವನಿಗೆ ಉಂಡವನ ಬಾಳಿನ ಮೇಲೆ ಒಡೆತನವಿಲ್ಲ. ಉಂಡವನು ಮುಂದೆ ಏನಾಗುತ್ತಾನೆ, ಯಾರ ಬಾಯಿಗೆ ಬೀಳುತ್ತಾನೆ ಎಂಬುದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳದೆ ಕೊಡುವುದೇ ದಾಸೋಹದ ಕಷ್ಟದ ಭಾಗ. ಹುಳುವಿಗೆ ನೋವು ತಿಳಿಯುತ್ತದೆಯೇ, ಮನಸ್ಸಿದೆಯೇ ಎಂಬ ಚರ್ಚೆಯೂ ಇಲ್ಲಿ ತೊಡಕಾಗಬೇಕಿಲ್ಲ. ಜೇನಿನ ನೃತ್ಯಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಷ್ ಅವರಿಗೆ 1973ರಲ್ಲಿ ನೊಬೆಲ್ ಬಂದಲ್ಲಿಂದ ಕೀಟಗಳ ಬುದ್ಧಿಯ ಬಗ್ಗೆ ನಮ್ಮ ಅಂದಾಜು ಮೇಲೇರುತ್ತಲೇ ಇದೆ. ಆದರೆ ಹಸಿದು ಬಂದವನ ಬುದ್ಧಿ ಎಷ್ಟೆಂದು ಅಳೆದು ಅನ್ನ ಹಾಕುವ ರೂಢಿ ನಮ್ಮದಲ್ಲ.

ಈ ನೆಲೆಯಲ್ಲಿ ನಿಂತು ನೋಡಿದರೆ ನಮ್ಮ ಧಾರ್ಮಿಕ ಸ್ಥಳಗಳಲ್ಲೇ ಆಗುತ್ತಿರುವ ನಷ್ಟ ಹೆಚ್ಚು ಕಳವಳ ತರುವಂಥದ್ದು. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಮಿಕ್ಕಿ ದೇವರಕಾಡುಗಳಿವೆ. ಪಶ್ಚಿಮ ಘಟ್ಟಗಳ ಇಂಥ ಬನಗಳ ಮಹತ್ವವನ್ನು ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ 1976ರಲ್ಲೇ ಬರೆದು ತೋರಿಸಿದ್ದರು. ಅಲ್ಲಿ ಕಾಡೇ ದೇವರ ಮನೆಯಾಗಿತ್ತು. ಒಣಗಿದ ಕಡ್ಡಿಯನ್ನೂ ಒಯ್ಯಬಾರದೆಂಬ ಕಟ್ಟಿನಿಂದಾಗಿ ಸತ್ತ ಮರದ ಪೊಟರೆಯಲ್ಲಿ ಮುಜಂಟಿಯೂ, ಕೊಳೆಯುವ ದಿಮ್ಮಿಯಲ್ಲಿ ದುಂಬಿಯ ಮರಿಯೂ ಇರುತ್ತಿದ್ದವು. ಭಕ್ತಿ ಹೆಚ್ಚಿದಂತೆಲ್ಲ ಬನ ಕುಗ್ಗಿ ಗುಡಿ ದೊಡ್ಡದಾಗುವುದನ್ನು ಈಗ ಹಲವು ಕಡೆ ಕಾಣುತ್ತೇವೆ. ಕರಾವಳಿಯ ಎಷ್ಟೋ ನಾಗಬನಗಳಲ್ಲಿ ಮರಬಳ್ಳಿಗಳನ್ನು ತೆಗೆದು, ನೆಲಕ್ಕೆ ಕಾಂಕ್ರೀಟು ಹಾಕಿ, ಕಟ್ಟೆಗೆ ಟೈಲ್ಸ್ ಅಂಟಿಸಿ ಜೀರ್ಣೋದ್ಧಾರವೆಂದು ಕರೆದಿದ್ದಾರೆ. ನಾಗನಿಗೆ ಹುತ್ತ ಬೇಕು, ಹುತ್ತಕ್ಕೆ ಗೆದ್ದಲು ಬೇಕು, ಗೆದ್ದಲಿಗೆ ಉದುರಿದ ಎಲೆ, ಸತ್ತ ಕಟ್ಟಿಗೆ ಬೇಕು. ಇದಿಷ್ಟನ್ನೂ ತೆಗೆದ ಮೇಲೆ ಅಲ್ಲಿ ಉಳಿಯುವುದು ಕಲ್ಲಿನ ನಾಗ ಮಾತ್ರ. ಹೊಸದಾಗಿ ನೂರು ಗಿಡ ನೆಡುವುದಕ್ಕಿಂತ ಇಂಥ ಒಂದು ಬನವನ್ನು ಅದರ ಪಾಡಿಗೆ ಬಿಡುವುದು ದೊಡ್ಡ ಪುಣ್ಯವೆಂದೇ ನನ್ನ ತೀರ್ಮಾನ. ನೆಡುವುದು, ಬಿಡಲು ಏನೂ ಉಳಿಯದ ಕಡೆ ಮಾಡಬೇಕಾದ ಕೆಲಸ.

ನೆಡುವವರಿಗೆ ಸಾಲುಮರದ ತಿಮ್ಮಕ್ಕನವರಿಗಿಂತ ದೊಡ್ಡ ಮಾದರಿ ನಮ್ಮಲ್ಲಿಲ್ಲ. ಮಕ್ಕಳಿಲ್ಲದ ಅವರು ಮರಗಳನ್ನೇ ಮಕ್ಕಳಾಗಿ ಕಂಡರೆಂದು ಎಲ್ಲರೂ ಹೇಳುತ್ತಾರೆ, 2019ರಲ್ಲಿ ಬಂದ ಪದ್ಮಶ್ರೀಯನ್ನು ನೆನೆಯುತ್ತಾರೆ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಗಂಡ ಚಿಕ್ಕಯ್ಯನವರೊಡನೆ ನೀರು ಹೊತ್ತು ಅವರು ಬೆಳೆಸಿದ 385 ಮರಗಳು ಆಲದವು ಎಂಬುದರ ಮೇಲೆ ಮಾತ್ರ ಯಾರೂ ನಿಲ್ಲುವುದಿಲ್ಲ. ಹತ್ತಿರ ಹತ್ತಿರ ಅಷ್ಟೊಂದು ಆಲಗಳಿದ್ದರೆ ಒಂದೆರಡು ದಿನ ಬಾಳುವ ಕಣಜಕ್ಕೆ ಮುಂದಿನ ಮರ ಸಿಗುವ ಭರವಸೆ ಇರುತ್ತದೆ. ಬೇರೆ ಜಾತಿಯ, ಬೇಗ ಬೆಳೆಯುವ ಮರಗಳ ಸಾಲಾಗಿದ್ದರೆ ದಾರಿಹೋಕನಿಗೆ ಅಷ್ಟೇ ನೆರಳು ಸಿಗುತ್ತಿತ್ತು, ಕಣಜಕ್ಕೆ ಏನೂ ಸಿಗುತ್ತಿರಲಿಲ್ಲ.

ಆದ್ದರಿಂದ ಈ ಮಳೆಗಾಲಕ್ಕೆ ಗಿಡ ನೆಡುವವರಲ್ಲಿ, ವಿಶೇಷವಾಗಿ ದೇವಸ್ಥಾನ, ಮಠ, ಬಸದಿ, ದರ್ಗಾ, ಚರ್ಚುಗಳ ಜಮೀನು ನೋಡಿಕೊಳ್ಳುವವರಲ್ಲಿ ಇಷ್ಟು ಕೇಳಿಕೊಳ್ಳುತ್ತೇನೆ. ಜಾಗ ವಿಶಾಲವಾಗಿದ್ದು ಗೋಡೆ, ಚರಂಡಿಗಳಿಂದ ದೂರವಿದ್ದರೆ ಅತ್ತಿಯನ್ನೋ ಆಲವನ್ನೋ ಅರಳಿಯನ್ನೋ ಇಡಿ. ಕಿರಿದಾಗಿದ್ದರೆ ಬಿಲ್ವ, ಹೊಂಗೆ, ಬೇಲಗಳಲ್ಲಿ ಒಂದನ್ನು ಇಡಿ. ಬುಡದ ಸುತ್ತ ಸಿಮೆಂಟು ಹಾಕಿಸಬೇಡಿ, ಉದುರಿದ ಎಲೆಯನ್ನು ಗುಡಿಸಿ ಸುಡಬೇಡಿ. ಮರುವರ್ಷ ಎಲೆಗಳಲ್ಲಿ ತೂತು ಕಂಡಾಗ ಔಷಧಿಯ ಅಂಗಡಿಗೆ ಹೋಗಬೇಡಿ. ನೀವು ಯಾರಿಗಾಗಿ ನೆಟ್ಟಿರೋ ಅವರು ಬಂದಿದ್ದಾರೆ.